ಹಳೆ ಜಿಪ್ಸಿ, ಹೊಸ ಹುಮ್ಮಸ್ಸು

ಕೊಲ್ಲೂರಿಗೆ ಹೋದವರಲ್ಲಿ ಅನೇಕರು ಕೊಡಚಾದ್ರಿಯನ್ನೂ ನೋಡಿ ಬಂದಿರುತ್ತಾರೆ. 1,343 ಮೀಟರ್ ಎತ್ತರದ ಆ ಬೆಟ್ಟವನ್ನು ಜೀಪಿನಲ್ಲಿ ಹತ್ತಿದವರು ಕೊನೆಯ ಕೆಲವು ಕಿಲೋಮೀಟರುಗಳನ್ನು ಸುಲಭವಾಗಿ ಮರೆಯುವುದಿಲ್ಲ. ಅಲ್ಲಿ ರಸ್ತೆ ಎಂಬುದು ಹೆಸರಿಗೆ ಮಾತ್ರ. ಕಲ್ಲು, ಕೊರಕಲು, ಕೆಮ್ಮಣ್ಣಿನ ಕೆಸರು. ಹಿಂದೆ ಕುಳಿತವರ ತಲೆ ಮೇಲಿನ ಕಂಬಿಗೆ ಬಡಿಯುತ್ತಿದ್ದರೆ ಚಾಲಕ ಮಾತ್ರ ಅಂಗಳದಲ್ಲಿ ಸೈಕಲ್ ತುಳಿಯುವವನಷ್ಟು ನಿರಾಳ.

ಕೆಳಗಿಳಿದ ಮೇಲೆ ಆ ಜೀಪನ್ನೊಮ್ಮೆ ಸುತ್ತು ಹಾಕಿ ನೋಡಬೇಕು. ಬಹುತೇಕ ಮಹೀಂದ್ರ ಕಂಪನಿಯ ಹಳೆಯ ಗಾಡಿಗಳು. ಬಣ್ಣ ಮಾಸಿದೆ, ಟಾರ್ಪಾಲಿಗೆ ತೇಪೆ ಬಿದ್ದಿದೆ. ನೆತ್ತಿಯ ಮೇಲೆ ದೀಪಗಳ ಸಾಲಿಲ್ಲ, ಮೂತಿಯ ಮುಂದೆ ದಪ್ಪ ಕಬ್ಬಿಣದ ಬೇಲಿಯಿಲ್ಲ. ಆದರೂ ಗಾಡಿ ಬೆಟ್ಟ ಹತ್ತುತ್ತದೆ, ಅದಕ್ಕಿಂತ ಮುಖ್ಯವಾಗಿ ಕ್ಷೇಮವಾಗಿ ಇಳಿಯುತ್ತದೆ. ಅದು ಹತ್ತದೆ ನಿಂತರೆ ಚಾಲಕನ ಆ ದಿನದ ಅನ್ನಕ್ಕೆ ಕಲ್ಲು. ಆದ್ದರಿಂದ ಆತ ಅಲಂಕಾರಕ್ಕೆ ಮೊದಲು ಆರೋಗ್ಯ ನೋಡುತ್ತಾನೆ.

ಪಟ್ಟಣದ ಹುಡುಗರ ಕಣ್ಣು ಬೀಳುವುದು ಹೆಚ್ಚಾಗಿ ಇನ್ನೊಂದು ಹಳೆಯ ಗಾಡಿಯ ಮೇಲೆ. ಅದು ಮಾರುತಿ ಜಿಪ್ಸಿ. ಹೀಗೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಎಂಜಿನಿಯರಿಂಗ್ ಓದುವ ಮಗ, ಹಾಸನದ ಕಡೆಯ ನೆಂಟರ ತೋಟದಲ್ಲಿ ಸುಮ್ಮನೆ ನಿಂತಿದ್ದ ಇಪ್ಪತ್ತೈದು ವರ್ಷದ ಜಿಪ್ಸಿಯನ್ನು ಅಪ್ಪನನ್ನು ಕಾಡಿ ಬೇಡಿ ಮನೆಗೆ ತರಿಸಿದ್ದಾನೆ. ತಂದ ಮರುದಿನವೇ ಒಂದು ಪಟ್ಟಿ ಸಿದ್ಧ. ಗಾಡಿಯನ್ನು ನಾಲ್ಕಂಗುಲ ಎತ್ತರಿಸಬೇಕು, ದೊಡ್ಡ ಟೈರು ಹಾಕಿಸಬೇಕು, ಮುಂದೆ ಗಾರ್ಡು, ಮೇಲೆ ಕ್ಯಾರಿಯರ್ರು, ಎಂಟು ದೀಪ. ಅಪ್ಪ ಪಟ್ಟಿಯ ಕೊನೆಯ ಮೊತ್ತ ನೋಡಿ ಕನ್ನಡಕ ತೆಗೆದಿಡುತ್ತಾರೆ. ಅಮ್ಮ ಒಳಗಿನಿಂದಲೇ ಕೇಳುತ್ತಾಳೆ: "ಇಷ್ಟೆಲ್ಲ ಸರಿ ಕಣೋ, ಬ್ರೇಕು ಹಿಡಿಯತ್ತಾ?"

ಪಟ್ಟಿಯಲ್ಲಿ ಆ ಒಂದು ಪದವೇ ಇಲ್ಲ. ಹಳೆಯ ಗಾಡಿಯನ್ನು ಕಾಡುಮೇಡಿನ ದಾರಿಗೆ ಸಜ್ಜುಗೊಳಿಸುವ ವಿದ್ಯೆ ಶುರುವಾಗಬೇಕಾದದ್ದು ಅಮ್ಮನ ಆ ಪ್ರಶ್ನೆಯಿಂದ.

ಜಿಪ್ಸಿಯ ಜಾತಕ

ಜಪಾನಿನ ಸುಝುಕಿ ಕಂಪನಿಯ ಪುಟ್ಟ ಜೀಪಿನ ಮಾದರಿಯಲ್ಲಿ ಮಾರುತಿ ಸಂಸ್ಥೆ ಜಿಪ್ಸಿಯನ್ನು ಮಾರುಕಟ್ಟೆಗೆ ತಂದದ್ದು 1985ರಲ್ಲಿ. ಮೊದಲು 970 ಸಿ.ಸಿ. ಎಂಜಿನ್ ಇತ್ತು. 1996ರಲ್ಲಿ 1,300 ಸಿ.ಸಿ.ಯ ಜಿಪ್ಸಿ ಕಿಂಗ್ ಬಂತು. ಸೇನೆ, ಪೊಲೀಸು, ಅರಣ್ಯ ಇಲಾಖೆ, ಕಾಫಿ ತೋಟ, ರ‍್ಯಾಲಿ ಎಲ್ಲ ಕಡೆ ಓಡಾಡಿದ ಈ ಗಾಡಿ ಸಾಮಾನ್ಯ ಗ್ರಾಹಕರಿಗೆ ಸಿಗುವುದು 2019ರ ಹೊತ್ತಿಗೆ ನಿಂತುಹೋಯಿತು. ಈಗ ಸಿಗುವ ಜಿಪ್ಸಿಗಳೆಲ್ಲ ಹಳೆಯವೇ.

ಹಳೆಯದಾದರೂ ಅದರ ಮೈಕಟ್ಟು ಗಟ್ಟಿ. ಏಣಿಯಂಥ ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಕೂರಿಸಲಾಗಿದೆ. ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್, ನಾಲ್ಕು ಮೂಲೆಗೂ ಎತ್ತಿನ ಗಾಡಿಯವರಿಗೂ ಗುರುತು ಸಿಗುವ ಕಮಾನು ಪಟ್ಟಿ. ತೂಕ ಒಂದು ಟನ್ನಿನ ಆಸುಪಾಸು. ಗೇರಿನ ಹಿಡಿಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಹಿಡಿ ಇರುತ್ತದೆ. ಎರಡು ಚಕ್ರಕ್ಕೆ ಶಕ್ತಿ ಬೇಕೋ ನಾಲ್ಕಕ್ಕೋ, ನಾಲ್ಕಕ್ಕಾದರೆ ವೇಗ ಬೇಕೋ ಬಲ ಬೇಕೋ ಎಂದು ತೀರ್ಮಾನಿಸುವುದು ಅದೇ.

ಆ ಚಿಕ್ಕ ಹಿಡಿಯ ಮಹಿಮೆಯನ್ನು ಗಣಿತದಲ್ಲಿ ನೋಡಬಹುದು. ಜಿಪ್ಸಿ ಕಿಂಗ್‌ನ ಮೊದಲ ಗೇರಿನ ಅನುಪಾತ 3.652. ಆಕ್ಸಲಿನೊಳಗಿನ ಗೇರಿನದು 3.909. ಚಿಕ್ಕ ಹಿಡಿ ಮೇಲಿನ ಶ್ರೇಣಿಯಲ್ಲಿದ್ದರೆ 1.409, ಕೆಳಗಿನ ಶ್ರೇಣಿಯಲ್ಲಿದ್ದರೆ 2.268. ಮೂರನ್ನೂ ಗುಣಿಸಿದರೆ ಮೇಲಿನ ಶ್ರೇಣಿಯಲ್ಲಿ ಸುಮಾರು 20, ಕೆಳಗಿನದರಲ್ಲಿ 32. ಅಂದರೆ ಎಂಜಿನ್ 32 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ನಿಮಿಷಕ್ಕೆ 800 ಸುತ್ತಿನಲ್ಲಿ ಎಂಜಿನ್ ಸುಮ್ಮನೆ ಗುನುಗುತ್ತಿದ್ದರೆ ಗಾಡಿ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ತೆವಳುತ್ತದೆ. ಅಜ್ಜಿ ದೇವಸ್ಥಾನಕ್ಕೆ ನಡೆಯುವ ವೇಗ! ವೇಗ ಕಡಿಮೆಯಾದಷ್ಟು ಚಕ್ರದ ಬಲ ಹೆಚ್ಚುತ್ತದೆ. ಇಷ್ಟೆಲ್ಲ ಕಂಪನಿಯವರೇ ಕೊಟ್ಟು ಕಳಿಸಿದ್ದಾರೆ. ಹಳೆಯ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಈ ಹಿಡಿ ಸಲೀಸಾಗಿ ಬೀಳುತ್ತದೆಯೇ, ಬಿದ್ದಾಗ ಮುಂದಿನ ಚಕ್ರಗಳು ನಿಜವಾಗಿಯೂ ಎಳೆಯುತ್ತವೆಯೇ ಎಂಬುದನ್ನು. ವರ್ಷಗಟ್ಟಲೆ ಬಳಸದೆ ಬಿಟ್ಟ ಗಾಡಿಗಳಲ್ಲಿ ಅದು ಜಡ್ಡುಗಟ್ಟಿರುತ್ತದೆ.

ಇನ್ನೊಂದು ಎಚ್ಚರಿಕೆ. ನಾಲ್ಕು ಚಕ್ರದ ಎಳೆತ ಮಣ್ಣು, ಮರಳು, ಕೆಸರಿಗೆ ಮಾತ್ರ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಜಿಪ್ಸಿಯಂಥ ಗಾಡಿಯಲ್ಲಿ ಆ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡು ನಡುವೆ ಇಲ್ಲ. ಮಣ್ಣಿನಲ್ಲಿ ಚಕ್ರ ತುಸು ಜಾರಿ ಸರಿಹೊಂದುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಗೇರುಗಳು, ಶಾಫ್ಟುಗಳು ಹಿಂಡಿಕೊಳ್ಳುತ್ತವೆ.

ಎತ್ತರಿಸಿದರೆ ಏನಾಗುತ್ತದೆ?

ಹುಡುಗರ ಪಟ್ಟಿಯಲ್ಲಿ ಮೊದಲ ಸ್ಥಾನ ಯಾವಾಗಲೂ ಎತ್ತರಕ್ಕೆ. ಗಾಡಿಯ ಹೊಟ್ಟೆ ಕಲ್ಲಿಗೆ ತಗುಲಬಾರದು ಎಂಬುದು ಸರಿಯಾದ ಮಾತೇ. ಆದರೆ ಎಲ್ಲಕ್ಕಿಂತ ಕೆಳಗೆ ಇಳಿಬಿದ್ದಿರುವುದು ಬಾಡಿಯಲ್ಲ, ಆಕ್ಸಲಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಿಫರೆನ್ಷಿಯಲ್. ಕಮಾನು ಪಟ್ಟಿ ಇರುವುದು ಆಕ್ಸಲಿಗೂ ಚಾಸಿಗೂ ನಡುವೆ. ಅದನ್ನು ಎಷ್ಟು ಎತ್ತರಿಸಿದರೂ ಮೇಲೇಳುವುದು ಬಾಡಿ. ಕುಂಬಳಕಾಯಿ ಇದ್ದಲ್ಲೇ ಇರುತ್ತದೆ. ಅದನ್ನು ಏರಿಸಬಲ್ಲದ್ದು ಟೈರಿನ ವ್ಯಾಸ ಒಂದೇ.

ಹಾಗಾದರೆ ದೊಡ್ಡ ಟೈರು? ಜಿಪ್ಸಿಗೆ ಒಪ್ಪುವ 205/70 ಆರ್ 15 ಟೈರಿನ ವ್ಯಾಸ ಸುಮಾರು 67 ಸೆಂಟಿಮೀಟರ್. ಹುಡುಗರು ಆಸೆಪಡುವ 235/75 ಆರ್ 15 ಟೈರಿನದು ಸುಮಾರು 73. ಆಕ್ಸಲ್ ಏರುವುದು ಈ ವ್ಯತ್ಯಾಸದ ಅರ್ಧದಷ್ಟು, ಅಂದರೆ ಮೂರು ಸೆಂಟಿಮೀಟರ್ ಚಿಲ್ಲರೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಚಕ್ರ ಶೇಕಡಾ 10ರಷ್ಟು ದೊಡ್ಡದಾದ್ದರಿಂದ ಮೀಟರು 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ. ಎಂಜಿನಿನ ಎಳೆತ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಬ್ರೇಕಿನ ಕೆಲಸ ಹೆಚ್ಚುತ್ತದೆ.

ಎತ್ತರಕ್ಕೆ ಇನ್ನೂ ದೊಡ್ಡ ಬೆಲೆ ಗುರುತ್ವಕೇಂದ್ರದ್ದು. ಪಿಯುಸಿ ವಿದ್ಯಾರ್ಥಿಗಳು ಕಾಗದ ತೆಗೆದು ಲೆಕ್ಕ ಹಾಕಬಹುದು. ಎಡ ಬಲ ಚಕ್ರಗಳ ನಡುವಿನ ಅಂತರ 130 ಸೆಂಟಿಮೀಟರ್, ಅದರ ಅರ್ಧ 65. ಲೆಕ್ಕದ ಅನುಕೂಲಕ್ಕೆ ಗುರುತ್ವಕೇಂದ್ರವೂ ನೆಲದಿಂದ 65 ಸೆಂಟಿಮೀಟರ್ ಮೇಲಿದೆ ಎಂದುಕೊಂಡರೆ, ನಿಂತ ಗಾಡಿ ಪಕ್ಕಕ್ಕೆ ಮಗುಚಲು 45 ಡಿಗ್ರಿ ವಾಲಬೇಕು. ಗುರುತ್ವಕೇಂದ್ರ 10 ಸೆಂಟಿಮೀಟರ್ ಮೇಲೇರಿದರೆ 41 ಡಿಗ್ರಿಗೇ ಮಗುಚುತ್ತದೆ. ನಾಲ್ಕು ಡಿಗ್ರಿ ತಾನೇ ಎನ್ನಬಾರದು. ಇದು ಅಲುಗಾಡದೆ ನಿಂತ ಗಾಡಿಯ ಲೆಕ್ಕ. ಓಡುವ ಗಾಡಿಯಲ್ಲಿ ಕೆಳಗಿನ ಬದಿಯ ಪಟ್ಟಿ ಕುಗ್ಗುತ್ತದೆ, ಟೈರು ಅಮುಕುತ್ತದೆ, ಒಂದು ಕಲ್ಲು ಎತ್ತಿಹಾಕುತ್ತದೆ. ಮೇಲೆ ಕ್ಯಾರಿಯರ್ರು, ಅದರಲ್ಲಿ ಸ್ಟೆಪ್ನಿ, ಡೇರೆ, ನೀರಿನ ಕ್ಯಾನು! ನಿಜವಾದ ಅಂಚು 41ಕ್ಕಿಂತ ಬಹಳ ಮೊದಲೇ ಬರುತ್ತದೆ. ಬಟ್ಟೆ ಹೊದಿಕೆಯ ಜಿಪ್ಸಿ ಮಗುಚಿದರೆ ತಲೆ ಕಾಯಲು ಮೇಲೇನೂ ಇರುವುದಿಲ್ಲ.

ದುಡ್ಡಿಲ್ಲದ ಮಾರ್ಪಾಡು

ಬಿಡಿಗಾಸಿನ ಖರ್ಚಿಲ್ಲದೆ ಮಾಡಬಹುದಾದ ಬದಲಾವಣೆ ಒಂದಿದೆ. ಅದು ಟೈರಿನ ಗಾಳಿ. ಒಂದು ಟನ್ ಭಾರ ನಾಲ್ಕು ಚಕ್ರಕ್ಕೆ ಹಂಚಿದರೆ ತಲಾ 250 ಕಿಲೋ. 26 ಪೌಂಡು ಗಾಳಿಯಲ್ಲಿ ಪ್ರತಿ ಟೈರೂ ನೆಲವನ್ನು ಸುಮಾರು 137 ಚದರ ಸೆಂಟಿಮೀಟರ್ ಜಾಗದಲ್ಲಿ ಮುಟ್ಟಬೇಕು. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಅದೇ ಜಾಗ 198 ಚದರ ಸೆಂಟಿಮೀಟರಿಗೆ ಹಿಗ್ಗುತ್ತದೆ. ಟೈರಿನ ಗೋಡೆಯ ಬಿಗಿತದಿಂದ ಲೆಕ್ಕ ತುಸು ಆಚೀಚೆ ಆದೀತು, ತತ್ವ ಬದಲಾಗದು. ಗದ್ದೆಯ ಕೆಸರಿನಲ್ಲಿ ಹಿಮ್ಮಡಿ ಹೂಳುತ್ತದೆ, ಹಲಗೆ ಹೂಳುವುದಿಲ್ಲ.

ಆದರೆ ಗಾಳಿ ಇಳಿಸಿದ ಟೈರಿನಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಅದರ ಮಗ್ಗುಲು ಕಾದು ಸಿಡಿಯಬಹುದು. ಮಿತಿಮೀರಿ ಇಳಿಸಿದರೆ ತಿರುವಿನಲ್ಲಿ ಟೈರು ಡಿಸ್ಕಿನಿಂದ ಕಳಚಬಹುದು. ಆದ್ದರಿಂದ ಗಾಳಿ ಅಳೆಯುವ ಸಾಧನ, ಗಾಳಿ ತುಂಬುವ ಪಂಪು ಎರಡೂ ಗಾಡಿಯಲ್ಲಿರಬೇಕು. ಎಂಟು ದೀಪಗಳಿಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಇವು.

ಮೊದಲು ಕೊಳೆ, ಆಮೇಲೆ ಕಳೆ

ಹಳೆಯ ಗಾಡಿ ಮನೆಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ ತೊಳೆಯುವುದು. ಮೇಲೆ ಹೊಳಪು ಬರಲೆಂದಲ್ಲ, ಕೆಳಗೇನಿದೆ ಎಂದು ತಿಳಿಯಲು. ವರ್ಷಗಳ ಮಣ್ಣು ಕರಗಿ ಹೋದ ಮೇಲೆಯೇ ಎಣ್ಣೆ ಎಲ್ಲಿ ಜಿನುಗುತ್ತಿದೆ, ತುಕ್ಕು ಎಲ್ಲಿ ಹಿಡಿದಿದೆ ಎಂಬುದು ಕಾಣುವುದು. ಚಾಸಿಯನ್ನೂ ನೆಲಹಾಸಿನ ತಗಡನ್ನೂ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ಬಣ್ಣದ ಪದರ ಉಬ್ಬಿದ ಕಡೆ ತುದಿ ಒಳಗಿಳಿದರೆ ಅಲ್ಲಿ ಉಕ್ಕು ಉಳಿದಿಲ್ಲ ಎಂದರ್ಥ. ಕರಾವಳಿಯಲ್ಲಿ ಓಡಾಡಿದ ಗಾಡಿಯಾದರೆ ಈ ಪರೀಕ್ಷೆ ಇನ್ನೂ ಮುಖ್ಯ. ಚಾಸಿಯೇ ಕೊರೆದುಹೋಗಿದ್ದರೆ ಮುಂದಿನ ಖರ್ಚೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ.

ಎರಡನೆಯದು ಬ್ರೇಕು. ರಬ್ಬರ್ ಕೊಳವೆಗಳಲ್ಲಿ ಬಿರುಕಿದ್ದರೆ ಬದಲಿಸಬೇಕು. ಹಿಂದಿನ ಡ್ರಮ್ಮು ಬಿಚ್ಚಿ ಒಳಗಿನ ಸಿಲಿಂಡರ್ ಜಿನುಗುತ್ತಿದೆಯೇ ನೋಡಬೇಕು. ಬ್ರೇಕ್ ಎಣ್ಣೆ ಗಾಳಿಯಿಂದ ತೇವ ಹೀರಿಕೊಳ್ಳುವ ಗುಣದ್ದು. ಹಳೆಯದಾದಂತೆ ಅದರ ಕುದಿಯುವ ಉಷ್ಣತೆ ಇಳಿಯುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಬಿಸಿಯಾಗಿ ಒಳಗೆ ಆವಿ ಗುಳ್ಳೆಗಳೆದ್ದರೆ ಪೆಡಲು ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸುವುದು ಕ್ಷೇಮ.

ಮೂರನೆಯದು ಸ್ಟೇರಿಂಗ್. ಒಂದು ಹಳ್ಳ ಹಾರಿದ ಮೇಲೆ ಮುಂದಿನ ಚಕ್ರಗಳು ಗಡಗಡನೆ ನಡುಗುವುದು ಇಂಥ ಹಳೆಯ ಗಾಡಿಗಳ ಪರಿಚಿತ ಕಾಯಿಲೆ. ಹೊಸ ಡ್ಯಾಂಪರ್ ಹಾಕಿದರೆ ನಡುಕ ಅಡಗಬಹುದು, ರೋಗ ಹೋಗುವುದಿಲ್ಲ. ಸವೆದ ಬೇರಿಂಗು, ಸಡಿಲವಾದ ಕೀಲು, ಸಮತೂಕವಿಲ್ಲದ ಚಕ್ರ, ಇವುಗಳಲ್ಲಿ ಯಾವುದು ಕಾರಣವೆಂದು ಹುಡುಕಿಯೇ ತೀರಬೇಕು.

ನಾಲ್ಕನೆಯದು ಕಮಾನು ಪಟ್ಟಿ. ಪಟ್ಟಿಗಳ ನಡುವೆ ತುಕ್ಕು ಕಟ್ಟಿದರೆ ಅವು ಒಂದರ ಮೇಲೊಂದು ಜಾರದೆ ಇಡೀ ಕಟ್ಟು ಮರದ ತೊಲೆಯಂತೆ ಬಿರುಸಾಗುತ್ತದೆ. ಆಗ ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತೂಗುತ್ತದೆ. ಡಿಫರೆನ್ಷಿಯಲ್ಲಿನ ಸ್ವಭಾವವೆಂದರೆ ಸುಲಭವಾಗಿ ತಿರುಗುವ ಕಡೆಗೇ ತಿರುಗುವುದು. ಗಾಳಿಯಲ್ಲಿರುವ ಚಕ್ರ ಗರಗರ ಸುತ್ತುತ್ತದೆ, ನೆಲದಲ್ಲಿರುವುದು ಮಿಸುಕುವುದಿಲ್ಲ. ಪಟ್ಟಿ ಬಿಚ್ಚಿ, ಉಜ್ಜಿ, ಗ್ರೀಸು ಸವರಿ, ಹಳೆಯ ಬುಷ್ಷು ಬದಲಿಸಿ ಕಟ್ಟಿದರೆ ಚಕ್ರ ಮತ್ತೆ ನೆಲ ಹುಡುಕಿಕೊಂಡು ಇಳಿಯುತ್ತದೆ. ಹೊರಗಿನಿಂದ ತಂದ ಯಾವ ದುಬಾರಿ ಸಾಮಾನೂ ಇಲ್ಲದೆ ಗಾಡಿಯ ಹಿಡಿತ ಹೆಚ್ಚಿತು. ಮಾರ್ಪಾಡು ಮತ್ತು ನಿರ್ವಹಣೆ ಬೇರೆ ಬೇರೆ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನೀರಿನ ಮಾತು ಪ್ರತ್ಯೇಕ. ಓಡಿ ಓಡಿ ಬಿಸಿಯಾದ ಆಕ್ಸಲ್ ಹೊಳೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆ ಎಳೆತಕ್ಕೆ ಹಳೆಯ ಸೀಲುಗಳ ಸಂದಿನಿಂದ ನೀರು ಒಳನುಗ್ಗುತ್ತದೆ. ಗಾಳಿಯಾಡಲೆಂದು ಆಕ್ಸಲಿಗೆ ಇಟ್ಟಿರುವ ಸಣ್ಣ ಉಸಿರುಗೊಳವೆಯನ್ನು ರಬ್ಬರ್ ನಳಿಕೆ ಜೋಡಿಸಿ ಬಾನೆಟ್ಟಿನವರೆಗೆ ಎತ್ತರಿಸುವುದು ಅಗ್ಗದ, ಉಪಯುಕ್ತವಾದ ಸುಧಾರಣೆ. ಹೊಳೆ ದಾಟಿ ಬಂದ ಮೇಲೆ ಆಕ್ಸಲಿನ ಎಣ್ಣೆ ಪರೀಕ್ಷಿಸಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಲೆಕ್ಕ. ಅಂದೇ ಬದಲಿಸಬೇಕು. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯ ಎತ್ತರಕ್ಕೆ ನೀರು ಬರುವಂತಿದ್ದರೆ ಇಳಿಯಲೇಬಾರದು. ಗಾಳಿಯಂತೆ ನೀರು ಅಮುಕುವುದಿಲ್ಲ. ಸಿಲಿಂಡರಿಗೆ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಹೆತ್ತವರು ತಿಳಿಯಬೇಕಾದ್ದು

ಕಾನೂನನ್ನು ಕಡೆಗಣಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ನಿಷಿದ್ಧ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗೆ ಬಡಿದರೆ ಅವು ಕೊಡುವ ಪೆಟ್ಟು ಘೋರ. 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹಳೆಯ ಗಾಡಿಗೆ ಆ ತಪಾಸಣೆ ಒಂದು ಪರೀಕ್ಷೆಯೇ. ಆದ್ದರಿಂದ ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಮೂಲದಂತೆ ದುರಸ್ತಿ ಮಾಡಿಸಲು ಮಾತ್ರ ಯಾರ ಅಡ್ಡಿಯೂ ಇಲ್ಲ.

ಹದಿನೆಂಟು ತುಂಬದ ಮಗನ ಕೈಗೆ ಬೀಗದಕೈ ಕೊಡುವ ಅಪ್ಪಂದಿರೂ ಇದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಆ ಹುಡುಗ ಎಸಗಿದ ತಪ್ಪಿಗೆ ಪೋಷಕರು ಅಥವಾ ಗಾಡಿಯ ಮಾಲೀಕರು ಹೊಣೆ. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಒಂದು ವರ್ಷ ನೋಂದಣಿ ರದ್ದು.

ಅಪಾಯ ರಸ್ತೆಯಲ್ಲಷ್ಟೇ ಅಲ್ಲ, ಮನೆಯಂಗಳದಲ್ಲೂ ಇದೆ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತೂರಬಾರದು. ಚಾಸಿಗೆ ಗಟ್ಟಿ ಸ್ಟ್ಯಾಂಡು ಕೊಟ್ಟು, ನೆಲದಲ್ಲಿರುವ ಚಕ್ರಗಳಿಗೆ ಕಟ್ಟಿಗೆಯ ಅಡ್ಡ ಇಟ್ಟಮೇಲೆಯೇ ಕೈ ಹಾಕಬೇಕು. ಇಟ್ಟಿಗೆ ಪುಡಿಯಾಗುತ್ತದೆ, ಅದನ್ನು ಬಳಸಲೇಬಾರದು. ಕೆಸರಿನಿಂದ ಎಳೆಯುವ ಹಗ್ಗವನ್ನು ಚಾಸಿಯ ಕೊಕ್ಕೆಗೆ ಕಟ್ಟಬೇಕೇ ಹೊರತು ಬಂಪರಿಗಲ್ಲ. ಬಿಗಿದ ಹಗ್ಗ ತುಂಡಾದರೆ ಚಾಟಿಯಂತೆ ಬೀಸಿ ಬರುತ್ತದೆ. ಅದರ ಅಳತೆಯೊಳಗೆ ಯಾರೂ ನಿಂತಿರಬಾರದು.

ಓಡಿಸುವಾಗಲೂ ಕೆಲವು ನಿಯಮಗಳಿವೆ. ಗೊತ್ತಿಲ್ಲದ ಜಾಗವನ್ನು ಮೊದಲು ಕಾಲಿನಲ್ಲಿ ನಡೆದು ನೋಡಿ, ಆಮೇಲೆ ಚಕ್ರ ಇಳಿಸಬೇಕು. ಹೆಬ್ಬೆರಳು ಸ್ಟೇರಿಂಗಿನ ಒಳಗೆ ಸಿಕ್ಕಿರಬಾರದು. ಕಲ್ಲಿಗೆ ಚಕ್ರ ಬಡಿದು ಸ್ಟೇರಿಂಗ್ ಒದ್ದರೆ ಬೆರಳು ಮುರಿಯುತ್ತದೆ. ಏರಿನಲ್ಲಿ ಗಾಡಿ ನಿಂತುಹೋದರೆ ಅಡ್ಡ ತಿರುಗಿಸದೆ ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಇಳಿಯಬೇಕು. ಇಳಿಜಾರಿನಲ್ಲಿ ಕ್ಲಚ್ಚು ಒತ್ತಬಾರದು, ಕೆಳಗಿನ ಗೇರೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಕಾಡು ಯಾರೂ ಕೇಳದ ಬಯಲೂ ಅಲ್ಲ. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ತೋಟದ ದಾರಿಗೆ ತೋಟದ ಯಜಮಾನರ ಒಪ್ಪಿಗೆ ಬೇಕು. ಹುಲ್ಲುಗಾವಲಿನಲ್ಲಿ ಒಮ್ಮೆ ಬಿದ್ದ ಚಕ್ರದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ.

ಮತ್ತೆ ಅದೇ ಮನೆಗೆ ಬಂದರೆ, ಮಗನ ಉತ್ಸಾಹಕ್ಕೆ ತಣ್ಣೀರೆರಚುವ ಅಗತ್ಯವಿಲ್ಲ. ಕಾಲೇಜಿನ ಪುಸ್ತಕದಲ್ಲಿ ಚಿತ್ರವಾಗಿ ಕಂಡ ಡಿಫರೆನ್ಷಿಯಲ್ಲನ್ನು ಕೈಯಾರೆ ಬಿಚ್ಚಿ ಜೋಡಿಸುವ ಅವಕಾಶ ಎಷ್ಟು ವಿದ್ಯಾರ್ಥಿಗಳಿಗೆ ಸಿಗುತ್ತದೆ? ಊರಿನ ಹಳೆಯ ಮೆಕ್ಯಾನಿಕ್ಕಿನ ಬಳಿ ಭಾನುವಾರಗಳನ್ನು ಕಳೆಯಲಿ. ಪಾನಾ ಹಿಡಿಯುವುದನ್ನು ಮಾತ್ರವಲ್ಲ, ಶಬ್ದ ಕೇಳಿ ದೋಷ ಗುರುತಿಸುವುದನ್ನೂ ಕಲಿಯಲಿ. ಒಂದು ನೋಟ್‌ಬುಕ್ಕು ಇಟ್ಟು ದಿನಾಂಕ, ಓಡಿದ ಕಿಲೋಮೀಟರು, ಮಾಡಿದ ಕೆಲಸ, ತಗುಲಿದ ಖರ್ಚು ಬರೆದಿಡಲಿ. ಅಪ್ಪ ದುಡ್ಡು ಕೊಡುವುದಾದರೆ ಆ ಪುಸ್ತಕ ನೋಡಿ ಕೊಡಲಿ.

ಮೊದಲ ಪಟ್ಟಿಯನ್ನು ಹರಿದು ಹಾಕುವುದೂ ಬೇಡ, ತಿರುವಿ ಬರೆದರೆ ಸಾಕು. ಮೇಲೆ ಬ್ರೇಕು, ಅದರ ಕೆಳಗೆ ಸ್ಟೇರಿಂಗ್, ಪಟ್ಟಿ, ಎಣ್ಣೆ, ಟೈರು. ದೀಪಗಳು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಬರುವಷ್ಟರಲ್ಲಿ ಗಾಡಿ ಹೇಗೂ ಬೆಟ್ಟ ಹತ್ತಲು ಸಿದ್ಧವಾಗಿರುತ್ತದೆ, ಹುಡುಗನಿಗೂ ಎಂಟು ದೀಪ ಬೇಕೆನಿಸುವುದು ಅನುಮಾನ. ಮೊದಲ ಪಯಣದ ದಿನ ಅಮ್ಮ ಬಾಗಿಲಿಗೆ ಬಂದು ಅದೇ ಪ್ರಶ್ನೆ ಕೇಳಿದರೆ, ಉತ್ತರ ಹೇಳಲು ಅವನ ಬಳಿ ಎರಡು ಕೈತುಂಬ ಗ್ರೀಸು ಇರಬೇಕು.